ಆಕಾರ ನೋಡಿ ಹಾಡುವವರು

ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ ಗುರುಮುಖವಿಲ್ಲದವರಿಗೆ ಕಬ್ಬಿಣದ ಕಡಲೆಯೇ ಸರಿ. ಅಮೆರಿಕದ ಹಳ್ಳಿಗರಿಗೂ ಅದೇ ತೊಡಕು. 1801ರಲ್ಲಿ ವಿಲಿಯಂ ಲಿಟ್ಲ್, ವಿಲಿಯಂ ಸ್ಮಿತ್ ಎಂಬಿಬ್ಬರು ‘ದಿ ಈಸಿ ಇನ್‌ಸ್ಟ್ರಕ್ಟರ್’ ಎಂಬ ಪುಸ್ತಕದಲ್ಲಿ ಉಪಾಯವೊಂದನ್ನು ಹೂಡಿದರು: ಸ್ವರಚಿಹ್ನೆಯ ತಲೆಗೇ ಒಂದೊಂದು ಆಕಾರ. ಫಾ ತ್ರಿಕೋಣ, ಸೋಲ್ ವೃತ್ತ, ಲಾ ಚೌಕ, ಮಿ ವಜ್ರಾಕೃತಿ.

ಏಳು ಸ್ವರಗಳಿಗೆ ನಾಲ್ಕೇ ಹೆಸರೆ? ನಮ್ಮ ಶಂಕರಾಭರಣವನ್ನೇ ಒರೆಗಲ್ಲಾಗಿಸಿ ನೋಡಿದೆ. ‘ಸರಿಗ’ದ ನಡುವಣ ಅಂತರಗಳೇ ‘ಮಪದ’ದಲ್ಲಿಯೂ ಇವೆಯಷ್ಟೆ, ಆದ್ದರಿಂದ ಅವರಿಗೆ ಎರಡೂ ಫಾ, ಸೋಲ್, ಲಾ. ಒಂಟಿಯಾಗುಳಿದ ನಿಷಾದವೇ ಮಿ. ನಮ್ಮ ಷಡ್ಜದಂತೆ ಅವರ ಆಧಾರಸ್ವರವೂ ನೆರೆದವರ ಕಂಠಕ್ಕೊಪ್ಪುವೆಡೆ ನಿಲ್ಲುತ್ತದೆ.

ಬಲ್ಲವರೆನಿಸಿಕೊಂಡವರು ಇದನ್ನು ದಡ್ಡರ ಲಿಪಿಯೆಂದು ಹಳಿದರು. ನನಗದು ಒಪ್ಪಿಗೆಯಿಲ್ಲ. ಕಂಡೊಡನೆ ಕಂಠಕ್ಕೆ ಬರುವ ಲಿಪಿಗಿಂತ ಜಾಣತನದ್ದು ಯಾವುದು? ಪಟ್ಟಣಗಳು ಕೈಬಿಟ್ಟುದನ್ನು ದಕ್ಷಿಣದ ಗ್ರಾಮಗಳು ಉಳಿಸಿಕೊಂಡವು. ಜಾರ್ಜಿಯಾದ ಬಿ. ಎಫ್. ವೈಟ್, ಇ. ಜೆ. ಕಿಂಗ್ 1844ರಲ್ಲಿ ಹೊರತಂದ ‘ದಿ ಸೇಕ್ರೆಡ್ ಹಾರ್ಪ್’ ಎಂಬ ಭಕ್ತಿಗೀತಸಂಕಲನ, ಪರಿಷ್ಕರಣಗಳೊಡನೆ, ಇಂದಿಗೂ ಬಳಕೆಯಲ್ಲಿದೆ. ನಾಲ್ಕು ಧ್ವನಿಗಳವರು ಚೌಕಟ್ಟಾಗಿ ಒಳಮುಖ ಕುಳಿತು, ನಾವು ಗೀತೆ ಕಲಿಯುವಾಗ ಮಾಡುವಂತೆಯೇ, ಮೊದಲು ಸ್ವರಗಳನ್ನು ಹಾಡಿ ಅನಂತರ ಸಾಹಿತ್ಯಕ್ಕೆ ಬರುತ್ತಾರೆ. ಪಕ್ಕವಾದ್ಯವಿಲ್ಲ; ಸಭಿಕರಿಗೆಂದು ಹಾಡುವುದೂ ಇಲ್ಲ. ಬಂದವರ ಕೈಗೆ ಪುಸ್ತಕ ಕೊಟ್ಟು ಜಾಗ ಬಿಡುತ್ತಾರೆ.