ಜಯಘೋಷದ ಮರೆಯಲ್ಲಿ

2022ನೆಯ ಇಸವಿ ಡಿಸೆಂಬರ್ 18ರ ರಾತ್ರಿ ಕತಾರ್ ದೇಶದ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಫ್ರಾನ್ಸನ್ನು ಸೋಲಿಸಿ ಕಾಲ್ಚೆಂಡಾಟದ ವಿಶ್ವಕಪ್ಪನ್ನು ಗೆದ್ದಾಗ, ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಎದ್ದ ಕೂಗು ಮೂರು ಬೀದಿಗಳಾಚೆಗೂ ಕೇಳಿಸಿತು. ಹುಡುಗರ ನಡುವೆ ಕುಳಿತಿದ್ದ ನಾನೂ ಅಧ್ಯಾಪಕನ ಗಾಂಭೀರ್ಯವನ್ನು ಬದಿಗಿಟ್ಟು ಕೂಗಿದೆನೆಂಬುದನ್ನು ಮುಚ್ಚಿಡಲಾರೆ. ಮನೆಯ ಹಾದಿಯಲ್ಲಿ ಮಾತ್ರ, ಅದೇ ದೇಶ ಮೊದಲ ಬಾರಿಗೆ ಕಪ್ಪನ್ನು ಗೆದ್ದ ದಿನದ ಕೂಗೊಂದು, ನಾನು ಓದಿ ಮಾತ್ರ ಬಲ್ಲ ಕೂಗು, ನೆನಪಾಗಿ ಮನಸ್ಸು ಮಂಕಾಯಿತು.

1978ರ ಆ ಪಂದ್ಯಾವಳಿಯನ್ನು ಅರ್ಜೆಂಟೀನಾಕ್ಕೆ ಒಪ್ಪಿಸಿದ್ದು 1966ರಲ್ಲಿ. ಆದರೆ ಅತಿಥಿಗಳು ಬರುವ ವೇಳೆಗೆ ಮನೆಯ ಯಜಮಾನಿಕೆ ಬದಲಾಗಿತ್ತು. 1976ರ ಮಾರ್ಚ್ 24ರಂದು ಸೈನ್ಯವು ಅಧಿಕಾರವನ್ನು ಕಸಿದುಕೊಂಡು, ಜನರಲ್ ವಿಡೆಲಾ ರಾಷ್ಟ್ರದ ಒಡೆಯನಾಗಿದ್ದನು. ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ವಕೀಲರು, ಲೇಖಕರು, ಯಾರ ಮೇಲೆ ಸಂಶಯ ಬಿದ್ದರೂ ಸರಿ, ಅವರನ್ನು ಹಿಡಿದೊಯ್ಯುತ್ತಿದ್ದರು. ಮೊಕದ್ದಮೆಯಿಲ್ಲ, ತೀರ್ಪಿಲ್ಲ, ಕೊನೆಗೆ ಹೆಣವೂ ಇಲ್ಲ. ಅವರನ್ನು ‘ಕಾಣೆಯಾದವರು’ ಎಂದು ಕರೆದರು. ವ್ಯಾಕರಣ ಹೇಳುವ ನನಗೆ ಈ ಮಾತು ಕಲ್ಲಿನಂತೆ ಎಡವುತ್ತದೆ. ‘ಕಾಣೆಯಾದರು’ ಎಂಬಲ್ಲಿ, ಕಾಣೆ ಮಾಡಿದವನಿಗೆ ವಾಕ್ಯದಲ್ಲಿ ಸ್ಥಳವೇ ಇಲ್ಲವಲ್ಲ! 1984ರ ವಿಚಾರಣಾ ಆಯೋಗವು ಇಂಥವರ ಪೈಕಿ ಸುಮಾರು 9,000 ಮಂದಿಯ ವಿವರಗಳನ್ನು ದಾಖಲಿಸಿತು. ಒಟ್ಟು ಸಂಖ್ಯೆ 30,000 ಎಂಬುದು ಮಾನವ ಹಕ್ಕುಗಳ ಸಂಘಗಳ ಲೆಕ್ಕ.

ಅಂತಿಮ ಪಂದ್ಯ ನಡೆದ ಬ್ಯುನಸ್ ಐರಿಸ್ಸಿನ ಮಾನ್ಯುಮೆಂಟಲ್ ಕ್ರೀಡಾಂಗಣದಿಂದ ಹೆಚ್ಚು ದೂರವಲ್ಲದ ಕಡೆ ನೌಕಾಪಡೆಯ ಯಂತ್ರವಿದ್ಯಾ ಶಾಲೆಯಿತ್ತು. ಹೆಸರಿಗೆ ಶಾಲೆ, ಅದರೊಳಗೆ ಗುಪ್ತ ಸೆರೆಮನೆ. ಕೈಕಾಲಿಗೆ ಬೇಡಿ, ತಲೆಗೆ ಮುಸುಕು ಹಾಕಿಸಿಕೊಂಡು ಬಿದ್ದಿದ್ದವರ ಕಿವಿಗೆ ಕ್ರೀಡಾಂಗಣದ ಆರ್ಭಟ ಬಂದು ಬೀಳುತ್ತಿತ್ತೆಂದು ಬದುಕುಳಿದವರು ಹೇಳಿದ್ದಾರೆ. ಜೂನ್ 25ರಂದು ನೆದರ್‌ಲೆಂಡ್ಸ್ ತಂಡವನ್ನು 3–1ರಿಂದ ಮಣಿಸಿದಾಗ, ಕಾವಲುಗಾರರು ಕೆಲವು ಬಂದಿಗಳನ್ನು ಕಾರಿನಲ್ಲಿ ಕೂರಿಸಿ ಬೀದಿಯ ಸಂಭ್ರಮವನ್ನು ತೋರಿಸಲು ಕರೆದೊಯ್ದರು. ಅವರಲ್ಲೊಬ್ಬಾಕೆ ಕಾರಿನ ಛಾವಣಿಯ ಕಿಂಡಿಯಿಂದ ತಲೆ ಹೊರಹಾಕಿ ನೋಡಿದಳು. ಎಲ್ಲೆಲ್ಲೂ ಜನ. ‘ನಾನು ಕಾಣೆಯಾದವಳು’ ಎಂದು ಕೂಗಿದರೂ ಯಾರೂ ಕಿವಿಗೊಡರೆಂದು ಆಕೆಗೆ ತೋರಿತಂತೆ. ಬೀದಿ ತುಂಬ ಜನರಿದ್ದಾಗಿನ ಆ ಒಂಟಿತನವನ್ನು ನೆನೆದರೆ ನನ್ನ ಎದೆ ನಡುಗುತ್ತದೆ.

ಆದರೂ ಕೂಗು ಕೇಳಿಸಿದ ಒಂದು ಸ್ಥಳವಿತ್ತು. ಮಕ್ಕಳನ್ನು ಕಳೆದುಕೊಂಡ ತಾಯಂದಿರು 1977ರ ಏಪ್ರಿಲ್‌ನಿಂದ ರಾಜಭವನದ ಎದುರಿನ ಪ್ಲಾಜಾ ಡಿ ಮಾಯೊ ಚೌಕದಲ್ಲಿ ಸೇರತೊಡಗಿದ್ದರು. ಗುಂಪಾಗಿ ನಿಲ್ಲಕೂಡದೆಂದು ಪೋಲೀಸರು ಗದರಿಸಲು, ಅವರು ನಿಲ್ಲದೆ ಸುತ್ತು ನಡೆದರು. ಮಗುವಿಗೆ ಹಾಸುವ ಬಿಳಿಯ ಬಟ್ಟೆಯೇ ಅವರ ತಲೆವಸ್ತ್ರವಾಯಿತು. ಆ ತಾಯಂದಿರ ಮುಂದಾಳು ಅಸುಸೆನಾ ವಿಯಾಫ್ಲೋರ್ ಅವರನ್ನೂ ಆ ಡಿಸೆಂಬರಿನಲ್ಲಿ ಹಿಡಿದೊಯ್ದರು. ಆಕೆಯ ಅಸ್ಥಿಗಳ ಗುರುತು ಸಿಕ್ಕಿದ್ದು 2005ರಲ್ಲಿ. 1978ರ ಜೂನ್ 1, ಪಂದ್ಯಾವಳಿ ಆರಂಭವಾದ ದಿನ, ಗುರುವಾರ. ತಾಯಂದಿರು ಎಂದಿನಂತೆ ನಡೆಯುವ ವಾರ. ಕ್ರೀಡಾಂಗಣದಲ್ಲಿ ಉತ್ಸವ ನಡೆಯುತ್ತಿರಲು, ಡಚ್ ದೂರದರ್ಶನದವರು ತಮ್ಮ ಕ್ಯಾಮರಾವನ್ನು ಚೌಕದ ಕಡೆಗೆ ತಿರುಗಿಸಿದರು. ಅಳುತ್ತ ಮೊರೆಯಿಡುತ್ತಿದ್ದ ಆ ಮುಖಗಳನ್ನು ಹೊರಲೋಕ ಕಂಡಿತು.

ಮರುದಿನ ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗನೊಬ್ಬ ಎದ್ದು ಕೇಳಿದ: “ಹಾಗಾದರೆ ಆಟವನ್ನೇ ನೋಡಬಾರದೆ, ಸಾರ್?”

ನೋಡಬಾರದೆಂದು ಹೇಳುವ ಅಧಿಕಾರ ನನಗೆಲ್ಲಿದೆ? ಹಿಂದಿನ ರಾತ್ರಿ ನಾನು ಯಾವ ಕ್ರೀಡಾಂಗಣದ ಆಟಕ್ಕೆ ಕೂಗಿದೆನೋ, ಕತಾರಿನ ಅಂಥ ಕ್ರೀಡಾಂಗಣಗಳನ್ನು ಕಟ್ಟಿದವರು ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಹೋದ ಕೂಲಿಗಳು. ಧಣಿಯ ಅನುಮತಿಯಿಲ್ಲದೆ ಕೆಲಸ ಬದಲಿಸುವಂತಿರಲಿಲ್ಲ, ದೇಶ ಬಿಡುವಂತಿರಲಿಲ್ಲ. ಲೋಕದ ಕಣ್ಣು ಅತ್ತ ಬಿದ್ದ ಮೇಲೆ, 2018ರಿಂದ 2020ರೊಳಗೆ ಆ ಕಟ್ಟುಗಳು ಕಾಯಿದೆಯಲ್ಲಾದರೂ ಸಡಿಲಗೊಂಡವು. ಆಡುವವನಲ್ಲಿ ತಪ್ಪಿಲ್ಲ; ನೋಡುವವನ ಸಂತೋಷವೂ ಪಾಪವಲ್ಲ. ಆದರೆ ಅತಿಥಿಯನ್ನು ನಡುಮನೆಯಲ್ಲಿ ಕೂರಿಸಿ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದ ಮನೆಯಲ್ಲಿ, ಉಣ್ಣುವವನು ಒಮ್ಮೆಯಾದರೂ ಹಿತ್ತಲ ಕಡೆಗೆ ಕಿವಿಗೊಡಬೇಡವೆ?

“ನೋಡಪ್ಪಾ, ಕೂಗಲೂ ಕೂಗು. ಕೂಗಿ ದಣಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ಇನ್ನಾರ ದನಿಯಾದರೂ ಕೇಳುತ್ತಿದೆಯೇ ಎಂದು ಆಲಿಸು” ಎಂದೆ. ಹುಡುಗ ಕುಳಿತುಕೊಂಡ. ತರಗತಿ ನಿಶ್ಶಬ್ದವಾಗಿತ್ತು.