ಬುಸ್ಸೆಂದ ನೊರೆ, ಬಿಡದ ಕೊಳೆ

ಸಿರುಗುಪ್ಪದಲ್ಲಿ ಬೋರ್‌ವೆಲ್ ನೀರೇ ಗತಿಯಾದ ಮನೆಗಳ ಬಚ್ಚಲಲ್ಲಿ ನಲ್ಲಿಯ ಕತ್ತಿನ ಸುತ್ತ ಬಿಳಿ ಪೊರೆ ಕಾಣದಿರುವುದು ಅಪರೂಪ. ಬೆರಳಿಂದ ಒರೆಸಿದರೆ ಹೋಗದು, ಉಗುರಿಂದ ಕೆರೆದರೆ ಸುಣ್ಣದ ಪುಡಿಯಂತೆ ಉದುರುತ್ತದೆ. ಇದಕ್ಕೊಂದು ಮದ್ದು ಫೋನಿನಲ್ಲೇ ಸಿಗುತ್ತದೆ: ಒಂದು ಚಮಚ ಅಡುಗೆ ಸೋಡಾ ಉದುರಿಸಿ, ಅದರ ಮೇಲೆ ಒಂದು ನಿಂಬೆಹಣ್ಣು ಹಿಂಡಿ. ವಿಡಿಯೊದಲ್ಲಿ ಹೇಳಿದಂತೆಯೇ ಬುಸ್ ಎಂದು ನೊರೆ ಉಕ್ಕುತ್ತದೆ. ಯಾರೋ ಕೊಳೆಯನ್ನು ಬುಡಸಮೇತ ಕಿತ್ತು ಎಸೆಯುತ್ತಿದ್ದಾರೆ ಎಂಬ ಭ್ರಮೆ. ಎರಡು ನಿಮಿಷಕ್ಕೆ ನೊರೆ ಇಳಿಯುತ್ತದೆ. ಒಂದು ಚೆಂಬು ನೀರು ಹೊಯ್ದು ನೋಡಿದರೆ ಪೊರೆ ಇದ್ದಲ್ಲೇ ಇದೆ. ಮೇಲಿನ ಧೂಳು ಹೋಗಿರುತ್ತದೆ ನಿಜ, ಅದು ತಿಕ್ಕಿದವರ ತೋಳಿನ ಪುಣ್ಯ.

ಸೋಡಾ ಮತ್ತು ಹುಳಿ ಬೆರೆತರೆ ಕೊಳೆ ಹೋಗುತ್ತದೆ ಎಂಬುದು ಮನೆಮದ್ದುಗಳ ಲೋಕದ ಅತಿ ದೊಡ್ಡ ತಪ್ಪು ಕಲ್ಪನೆ. ಅಲ್ಲಿ ನಡೆಯುವುದು ಇಷ್ಟೇ. ಸೋಡಾ ಕ್ಷಾರ, ನಿಂಬೆರಸ ಆಮ್ಲ. ಎರಡೂ ಎದುರಾದ ಕೂಡಲೇ ಒಂದನ್ನೊಂದು ತಿಂದು ಮುಗಿಸುತ್ತವೆ. ಮೇಲೇಳುವ ನೊರೆ ಬರೀ ಇಂಗಾಲದ ಡೈಆಕ್ಸೈಡ್, ಗೋಲಿ ಸೋಡಾದಲ್ಲಿ ಇರುವಂಥದ್ದೇ. ಕೆಳಗೆ ಉಳಿಯುವುದು ಹುಳಿಯೂ ಅಲ್ಲದ, ಸೋಡಾವೂ ಅಲ್ಲದ ಉಪ್ಪುಪ್ಪು ನೀರು. ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಒಂದು ದೊಡ್ಡ ನಿಂಬೆಹಣ್ಣಿನಲ್ಲಿ 30 ಮಿಲಿಲೀಟರ್ ರಸವಿದ್ದರೆ ಅದರಲ್ಲಿ ಸಿಟ್ರಿಕ್ ಆಮ್ಲ ಹೆಚ್ಚೆಂದರೆ 2 ಗ್ರಾಂನಷ್ಟು. ಅಷ್ಟನ್ನೂ ಅರ್ಧ ಟೀ ಚಮಚ ಸೋಡಾ ನುಂಗಿ ನೀರು ಕುಡಿಯುತ್ತದೆ. ವಿಡಿಯೊದವರು ಹೇಳುವುದು ಒಂದು ಚಮಚ. ಅಂದರೆ ಪೊರೆಯನ್ನು ಕರಗಿಸಬೇಕಿದ್ದ ಹುಳಿ ನಲ್ಲಿಗೆ ತಾಗುವ ಮೊದಲೇ ಖಾಲಿ.

ಅದೇ ನಿಂಬೆಯನ್ನು ಸೋಡಾ ಇಲ್ಲದೆ ಬಳಸಿದ್ದರೆ ಕೆಲಸ ಆಗುತ್ತಿತ್ತು. ಗಡಸು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ನೀರು ಆರಿದಾಗ ಸುಣ್ಣಕಲ್ಲಿನ ಜಾತಿಯ ಪದರವಾಗಿ ಕೂರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಆ ಮೇಲಿನ ಅಂಚಿನ ನೀರು ಬರುವ ಬಚ್ಚಲಲ್ಲಿ ಪೊರೆ ಕಟ್ಟದೆ ಇರುವುದಾದರೂ ಹೇಗೆ? ಸುಣ್ಣದ ಪದರಕ್ಕೆ ಹುಳಿಯೇ ಮದ್ದು. ನಿಂಬೆರಸದಲ್ಲೋ ವಿನೆಗರ್‌ನಲ್ಲೋ ಅದ್ದಿದ ಬಟ್ಟೆಯನ್ನು ನಲ್ಲಿಯ ಕತ್ತಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದರೆ ಮುಗಿಯಿತು. ನೊರೆಯ ತಮಾಷೆ ಇರುವುದಿಲ್ಲ, ಪೊರೆಯೂ ಇರುವುದಿಲ್ಲ.

ಸೋಡಾದ ಕೆಲಸ ಬೇರೆ, ಅದು ಜಿಡ್ಡಿನ ಶತ್ರು. ಮಿರ್ಚಿ ಕರಿದ ಬಾಣಲೆ, ಒಲೆಯ ಹಿಂದಿನ ಗೋಡೆ, ಎಗ್ಸಾಸ್ಟ್ ಫ್ಯಾನಿನ ರೆಕ್ಕೆ, ಇಂಥ ಕಡೆ ನಿಂಬೆರಸ ಸವರಿದರೆ ಎಣ್ಣೆ ಜಗ್ಗುವುದಿಲ್ಲ. ಕ್ಷಾರ ಮಾತ್ರ ಎಣ್ಣೆಯನ್ನು ಒಡೆದು ಸಾಬೂನಿನಂತೆ ಮಾಡಿ ನೀರಿಗೆ ಬಿಡುತ್ತದೆ. ಇಲ್ಲೂ ಒಂದು ಗೊಂದಲವಿದೆ. ಬೋಂಡ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಸಾಧು ಪ್ರಾಣಿ, ಅದರ ಪಿಎಚ್ ಸುಮಾರು 8.3. ಬಟ್ಟೆ ಒಗೆಯುವ ವಾಷಿಂಗ್ ಸೋಡಾದ್ದು 11ರ ಆಸುಪಾಸು, ಕ್ಷಾರದ ಬಲದಲ್ಲಿ ನೂರಾರು ಪಟ್ಟು ಹೆಚ್ಚು. ಹಟಮಾರಿ ಜಿಡ್ಡಿಗೆ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾವೇ ಸರಿ, ಆದರೆ ಕೈಗೆ ಗ್ಲೌಸ್ ಬೇಕು. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಅದನ್ನು ತಾಗಿಸಬಾರದು, ಕಪ್ಪಿಟ್ಟು ಹೋಗುತ್ತದೆ. ಕುಕ್ಕರಿನ ತಳಕ್ಕೆ ಹಿಂಡಿದ ನಿಂಬೆಯ ಹೋಳನ್ನು ಹಾಕಿಟ್ಟು ಬೇಯಿಸುವ ಹೆಂಗಸರು ಈ ರಸಾಯನಶಾಸ್ತ್ರವನ್ನು ಓದದೆಯೇ ಬಲ್ಲರು: ಗಡಸು ನೀರಿಗೆ ಕಪ್ಪಾಗುವ ಅಲ್ಯೂಮಿನಿಯಂ, ತುಸು ಹುಳಿ ಬಿದ್ದರೆ ಬೆಳ್ಳಗಿರುತ್ತದೆ.

ಈ ಭಾಗದ ಹಳಬರಿಗೆ ಹುಳಿ ಯಾವುದಕ್ಕೆ, ಕ್ಷಾರ ಯಾವುದಕ್ಕೆ ಎಂಬುದು ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ತಾಮ್ರದ ಕೊಡಕ್ಕೆ ಹುಣಸೆಹಣ್ಣು, ಮುಸುರೆಯ ಜಿಡ್ಡಿಗೆ ಬೂದಿ. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ಸೀಮೆಯ ರೈತರಿಗೆ ಸವಳು-ಜವಳು ಎಂಬ ಜೋಡಿ ಪದ ಶಾಪದಂತೆ ಅಂಟಿಕೊಂಡಿದೆ. ಆದರೆ ಸವಳು ಮಣ್ಣು ಒಂದು ಕಾಲಕ್ಕೆ ಮಡಿವಾಳರ ಸಾಬೂನು. ಕ್ಷಾರದ ಸವಳಿನಲ್ಲಿರುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ವಾಷಿಂಗ್ ಸೋಡಾವೇ. ಭತ್ತದ ಗದ್ದೆಯನ್ನು ಕೆಡಿಸುವ ವಸ್ತು ಬಟ್ಟೆಯ ಕೊಳೆಯನ್ನು ತೆಗೆಯುತ್ತಿತ್ತು.

ಬೂದಿಯ ಬಗ್ಗೆಯೂ ಒಂದು ಮಾತು. ಬಳ್ಳಾರಿ ಸೀಮೆಗೆ ಬೂದಿಯ ಕುರಿತ ತಪ್ಪು ಕಲ್ಪನೆ ಹೊಸದಲ್ಲ. ಹಂಪಿ ಬಳಿಯ ನಿಂಬಾಪುರದ ಬೂದಿಗುಡ್ಡವನ್ನು ವಾಲಿಯ ಚಿತೆಯ ಬೂದಿ ಎಂದು ಜನ ತಲೆಮಾರುಗಳಿಂದ ತೋರಿಸುತ್ತ ಬಂದಿದ್ದಾರೆ. ಕುಡತಿನಿಯಲ್ಲೂ ಅಂಥದ್ದೇ ಗುಡ್ಡವಿದೆ. ಇಂಥ ಬೂದಿಗುಡ್ಡಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಯಲ್ಲಿ ರಾಶಿಬಿದ್ದು ಸುಟ್ಟ ಸಗಣಿ ಎಂಬುದನ್ನು ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ವಿವರವಾಗಿ ವಾದಿಸಿದರು. ಅಡುಗೆಮನೆಯ ಬೂದಿಯಲ್ಲೂ ಹೀಗೆ ಬೇರೆ ಬೇರೆ ಕುಲಗಳಿವೆ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ನಿಜವಾದ ಕ್ಷಾರ. ಸಿರುಗುಪ್ಪದ ರೈಸ್ ಮಿಲ್ಲುಗಳ ಬಾಯ್ಲರ್‌ನಿಂದ ಹೊರಬೀಳುವ ಭತ್ತದ ಹೊಟ್ಟಿನ ಬೂದಿಯಲ್ಲಿ ಹತ್ತರಲ್ಲಿ ಎಂಟು-ಒಂಬತ್ತು ಪಾಲು ಸಿಲಿಕಾ, ಮರಳಿನ ಬಂಧು. ಅದು ಜಿಡ್ಡನ್ನು ಹೀರುತ್ತದೆ, ಉಜ್ಜಿ ತೆಗೆಯುತ್ತದೆ, ಕರಗಿಸುವುದಿಲ್ಲ. ಎರಡನ್ನೂ ‘ಬೂದಿ’ ಎಂಬ ಒಂದೇ ಹೆಸರಿನಿಂದ ಕರೆದು ಸ್ಟೀಲ್ ಸಿಂಕಿಗೂ ನಾನ್‌ಸ್ಟಿಕ್ ತವೆಗೂ ಉಜ್ಜಿದರೆ ಹೊಳಪಿನ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಮುಂದೆ ಕೊಳೆ ಮನೆ ಮಾಡುವುದು ಆ ಗೀರುಗಳಲ್ಲೇ.

‘ಮನೆಯಲ್ಲಿ ತಿನ್ನುವ ವಸ್ತು, ಅದರಿಂದ ಏನು ಕೆಡುತ್ತದೆ’ ಎಂಬ ನಂಬಿಕೆಯ ಗುರುತು ಈ ಕಡೆಯ ಗ್ಯಾಸ್ ಕಟ್ಟೆಗಳ ಮೇಲೆಯೇ ಸಿಗುತ್ತದೆ. ಬಳ್ಳಾರಿ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಕಟ್ಟೆಗೂ ನೆಲಕ್ಕೂ ಹಾಸಿದ್ದು ಕಡಪ ಕಲ್ಲು, ಪಕ್ಕದ ಆಂಧ್ರದ ಬೇತಂಚೆರ್ಲ ಕಲ್ಲು, ಇಲ್ಲವೇ ಕಲಬುರಗಿ ಕಡೆಯ ಶಹಾಬಾದ್ ಕಲ್ಲು. ಮೂರೂ ಸುಣ್ಣಕಲ್ಲುಗಳೇ. ಹಿಂಡಿದ ನಿಂಬೆ ಹೋಳನ್ನು ಕರಿ ಕಡಪ ಕಟ್ಟೆಯ ಮೇಲೆ ಬೋರಲು ಹಾಕಿ ಮರೆತರೆ, ಬೆಳಗ್ಗೆ ಅಲ್ಲಿ ಕಾಸಿನಗಲ ಬೂದು ವೃತ್ತ. ಒರೆಸಿದರೆ ಹೋಗುವುದಿಲ್ಲ, ಬೆರಳಾಡಿಸಿದರೆ ತುಸು ತರಿತರಿ. ಅದು ಕಲೆಯಲ್ಲ, ಕಲ್ಲೇ ಕರಗಿದ ಗುಳಿ. ಅದನ್ನು ಕಲೆಯೆಂದು ತಿಳಿದು ಮತ್ತೆ ನಿಂಬೆಯಿಂದಲೇ ತಿಕ್ಕುವವರಿದ್ದಾರೆ! ನಲ್ಲಿಯ ಮೇಲಿನ ಸುಣ್ಣವನ್ನು ಕರಗಿಸುವ ಹುಳಿಗೆ ಕಟ್ಟೆಯ ಸುಣ್ಣವನ್ನು ಬಿಟ್ಟುಬಿಡು ಎಂದು ಹೇಳುವುದು ಯಾರು? ಮಾರ್ಬಲ್ಲಿಗೂ ಇದೇ ಗತಿ. ಗ್ರಾನೈಟ್ ಮಾತ್ರ ಬೇರೆ ಜಾತಿ, ಮನೆಯ ಹುಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಸುಣ್ಣಕಲ್ಲಿನ ಕಟ್ಟೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಒಂದು ಬೋಗುಣಿ ಉಗುರುಬೆಚ್ಚಗಿನ ನೀರು, ಒಂದು ಬಟ್ಟೆ ಇದ್ದರೆ ಸಾಕು.

ಇಲ್ಲಿಯವರೆಗೆ ಹೇಳಿದ ತಪ್ಪುಗಳಿಂದ ಕೆಡುವುದು ಕಲ್ಲು, ಪಾತ್ರೆ, ಸಮಯ. ಮುಂದಿನದು ಉಸಿರಿಗೇ ಕುತ್ತು ತರುವಂಥದ್ದು: ‘ಒಂದು ಕ್ಲೀನರ್‌ಗಿಂತ ಎರಡು ಬೆರೆಸಿದರೆ ಶಕ್ತಿ ಜಾಸ್ತಿ.’

ಮಳೆಗಾಲದಲ್ಲಿ ನೀರಿನ ತೊಟ್ಟಿಗೆ ಹಾಕಲೆಂದು ತಂದ ಬ್ಲೀಚಿಂಗ್ ಪೌಡರ್ ಹಳ್ಳಿಯ ಮನೆಗಳಲ್ಲೂ ಇರುತ್ತದೆ. ಕಕ್ಕಸಿನ ಬಿಳಿಗಲ್ಲಿಗೆ ಹಾಕುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯೂ ಇರುತ್ತದೆ. ಹಬ್ಬದ ಹಿಂದಿನ ದಿನ ಪೌಡರ್ ಉದುರಿಸಿ, ಹೋಗಲಿಲ್ಲವೆಂದು ಅದರ ಮೇಲೆ ಆಸಿಡ್ ಸುರಿದರೆ ಹಸಿರು-ಹಳದಿ ಬಣ್ಣದ, ಮೂಗು ಸುಡುವ ಗಾಳಿ ಎದ್ದು ಬರುತ್ತದೆ. ಅದು ಕ್ಲೋರಿನ್. 1774ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ ಇದನ್ನು ಮೊದಲು ತಯಾರಿಸಿದ್ದೂ ಇದೇ ಆಸಿಡ್‌ನಿಂದ. ಬ್ಲೀಚಿಂಗ್ ಪೌಡರ್ ಬದಲು ಅವನು ಬಳಸಿದ್ದು ಮ್ಯಾಂಗನೀಸ್ ಅದಿರು, ಇಲ್ಲಿನ ಸಂಡೂರು ಬೆಟ್ಟಗಳಲ್ಲಿ ಅಗೆಯುತ್ತಾರಲ್ಲ, ಅದೇ ಲೋಹದ ಅದಿರು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಯುದ್ಧಭೂಮಿಯಲ್ಲಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದೂ ಈ ಗಾಳಿಯನ್ನೇ. ಕ್ಲೋರಿನ್ ಸಾಧಾರಣ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ನಮ್ಮ ಬಚ್ಚಲುಗಳಲ್ಲಿ ಜನ ತಿಕ್ಕುವುದು ಕುಕ್ಕರಗಾಲಲ್ಲಿ ಕೂತು, ಮುಖ ನೆಲಕ್ಕೆ ಬಾಗಿಸಿ. ಕಿಟಕಿ ಇದ್ದರೂ ಅದು ತಲೆಯ ಮೇಲೆ, ಗೋಡೆಯ ತುದಿಯಲ್ಲಿ.

ಕೆಮ್ಮು ಬಂದ ಕೂಡಲೇ ಎಲ್ಲ ಬಿಟ್ಟು ಬಯಲಿಗೆ ಬರಬೇಕು. ವಾಸನೆ ಹೋಗಲೆಂದು ಫಿನಾಯಿಲ್ ಸುರಿಯಲು ಮತ್ತೆ ಒಳಗೆ ಹೋಗುವುದು ಇನ್ನೊಂದು ತಪ್ಪು. ಉಸಿರು ಹಿಡಿದಂತಾದರೆ, ಎದೆ ಬಿಗಿದರೆ, ಅದರಲ್ಲೂ ಉಬ್ಬಸ ಇದ್ದವರು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಣ್ಣಬಣ್ಣದ ಬಾಟಲಿಯ ಟಾಯ್ಲೆಟ್ ಕ್ಲೀನರ್‌ಗಳಲ್ಲೂ ಬಹುತೇಕ ಇರುವುದು ಇದೇ ಹೈಡ್ರೋಕ್ಲೋರಿಕ್ ಆಮ್ಲ, ಆದ್ದರಿಂದ ‘ಕಂಪನಿ ಮಾಲು, ಏನಾಗಲ್ಲ’ ಎಂಬ ಧೈರ್ಯವೂ ಬೇಡ. ಬಿಡಿ ಆಸಿಡ್ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲೇ ಕಡಿವಾಣ ಹಾಕಿದೆ. ಅದರ ಕಾರಣ ಬೇರೆ, ಇನ್ನೂ ಘೋರ. ಬಚ್ಚಲಿನ ಲೆಕ್ಕದಲ್ಲೂ ಆಸಿಡ್ ಲಾಭದ ಬಾಬತ್ತಲ್ಲ: ಟೈಲ್ಸ್ ಸಂದಿಯ ಸಿಮೆಂಟನ್ನು ತಿನ್ನುತ್ತದೆ, ಅದರ ಹಬೆಗೆ ಸ್ಟೀಲ್ ನಲ್ಲಿಯೂ ತುಕ್ಕು ಹಿಡಿಯುತ್ತದೆ.

ತುಕ್ಕಿನ ಮಾತು ಬಂದಿತು. ಕಬ್ಬಿಣದ ಬಕೆಟ್ ಇಟ್ಟ ಜಾಗದ ಕಂದು ಉಂಗುರಕ್ಕೆ ಬ್ಲೀಚಿಂಗ್ ಪೌಡರ್ ಹಾಕುವವರು ಬಹಳ. ಅದು ತುಕ್ಕನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ತುಕ್ಕು ಬಿಡಿಸುವುದು ನಿಂಬೆಯ ಹುಳಿ, ಟೈಲ್ಸ್ ನೆಲವಾದರೆ ಮಾತ್ರ.

ಹಾಗಾದರೆ ನಿಂಬೆಯೂ ವಿನೆಗರ್ರೂ ಕ್ರಿಮಿಗಳನ್ನು ಕೊಲ್ಲುವುದಿಲ್ಲವೇ? ಕೆಲವನ್ನು ಕಡಿಮೆ ಮಾಡಬಹುದು. ಕೋಳಿ ಹೆಚ್ಚಿದ ಮಣೆಗೋ ವಾಂತಿ-ಭೇದಿಯಾದವರು ಬಳಸಿದ ಕಕ್ಕಸಿಗೋ ಅದನ್ನೇ ನಂಬಿ ಕೂರುವಂತಿಲ್ಲ. ಅಲ್ಲಿ ಬ್ಲೀಚ್ ಬೇಕು, ಅದಕ್ಕೂ ಮೊದಲು ಸಾಬೂನು ಬೇಕು. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಯ ಜೊತೆ ಸೆಣಸುವುದರಲ್ಲೇ ಮುಗಿಯುತ್ತದೆ. ಕೋವಿಡ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೆಲ-ಮೇಜುಗಳಿಗೆ ಹೇಳಿದ್ದು ಶೇ 0.1ರ ದ್ರಾವಣ. ತಾಜಾ ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು ಶೇ 33 ಕ್ಲೋರಿನ್ ಸಿಗುತ್ತದೆ ಎಂದು ಹಿಡಿದರೆ ಒಂದು ಲೀಟರ್ ನೀರಿಗೆ 3 ಗ್ರಾಂ ಸಾಕು. ‘ತಾಜಾ’ ಎಂಬ ಪದಕ್ಕೆ ಇಲ್ಲಿ ತೂಕ ಹೆಚ್ಚು. ಬಳ್ಳಾರಿಯ ಬಿಸಿಲಲ್ಲಿ, ಬಾಯಿ ಬಿಚ್ಚಿದ ಕಾಗದದ ಪೊಟ್ಟಣದಲ್ಲಿ ಬೇಸಿಗೆ ಕಳೆದ ಪುಡಿ ಬರೀ ಸುಣ್ಣದ ಪುಡಿಯಷ್ಟೇ ಪ್ರಯೋಜನಕ್ಕೆ ಬರುತ್ತದೆ. ಬೆರೆಸಿದ ನೀರನ್ನೂ ಅಂದೇ ಬಳಸಿ ಚೆಲ್ಲಬೇಕು, ಬಿಸಿನೀರಿನಲ್ಲಿ ಬೆರೆಸಲೇಬಾರದು.

ನೀರಿಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾದಷ್ಟೂ ಫಿನಾಯಿಲ್ ಒಳ್ಳೆಯದು ಎನ್ನುವುದು ಕಣ್ಣಿನ ಮೋಸ. ಪೈನ್ ಎಣ್ಣೆಯ ಸಣ್ಣ ಸಣ್ಣ ಹನಿಗಳು ನೀರಿನಲ್ಲಿ ತೇಲಿದಾಗ ಬರುವ ಬಣ್ಣ ಅದು. ಕ್ರಿಮಿನಾಶಕ ಎಷ್ಟಿದೆ ಎಂಬುದನ್ನು ಆ ಬಿಳುಪು ಹೇಳುವುದಿಲ್ಲ. ಅಂಟುವಾಳದ ನೊರೆ ಹಾಗಲ್ಲ. ಅದರ ಸಪೋನಿನ್ ನಿಜವಾಗಿಯೂ ಕೊಳೆ ಬಿಡಿಸುವ ವಸ್ತು, ಅಕ್ಕಸಾಲಿಗರು ಒಡವೆ ತೊಳೆಯಲು ಅದನ್ನು ಬಳಸುವುದು ಸುಮ್ಮನಲ್ಲ. ಶಕ್ತಿ ಮಾತ್ರ ಮೆದು, ಮಿರ್ಚಿ ಬಾಣಲೆಯ ಎದುರು ಸೋಲುತ್ತದೆ.

ಈಚೆಗೆ ಎಲ್ಲೆಲ್ಲೂ ‘ಬಯೋ ಎಂಜೈಮ್’ ಮಾತು. ಥಾಯ್ಲೆಂಡಿನಿಂದ ಹಬ್ಬಿದ ಈ ಪದ್ಧತಿಯಲ್ಲಿ ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ-ಮೂಸಂಬಿ ಸಿಪ್ಪೆ, ಹತ್ತು ಪಾಲು ನೀರು ಬೆರೆಸಿ ಮೂರು ತಿಂಗಳು ಕೊಳೆಯಿಸುತ್ತಾರೆ. ಸಿಗುವುದು ಸಿಪ್ಪೆಯ ಪರಿಮಳವಿರುವ, ವಿನೆಗರ್‌ನ ದಾಯಾದಿ ಎನ್ನಬಹುದಾದ ಹುಳಿನೀರು. ಚರಂಡಿ ಸೇರುವ ವಿಷ ಕಡಿಮೆಯಾಗುತ್ತದೆ, ಸಿಪ್ಪೆ ತಿಪ್ಪೆಗೆ ಹೋಗುವುದು ತಪ್ಪುತ್ತದೆ, ನಲ್ಲಿಯ ಪೊರೆಗೂ ತಕ್ಕಮಟ್ಟಿಗೆ ಆದೀತು. ಆದರೆ ಹುಳಿ ಹುಳಿಯೇ: ಕಡಪ ಕಟ್ಟೆಗೆ ಬೇಡ, ಬ್ಲೀಚಿಂಗ್ ಪೌಡರ್ ಇರುವಲ್ಲಿಗಂತೂ ಬೇಡವೇ ಬೇಡ. ತುಂಬಿಡಲು ಗಾಜಿನ ಬಾಟಲಿಗಿಂತ ಪ್ಲಾಸ್ಟಿಕ್ ಡಬ್ಬಿ ಮೇಲು, ಅದನ್ನೂ ಕಂಠದ ತನಕ ತುಂಬಬಾರದು. ಬೆಲ್ಲ ಹುದುಗಿ ಗಾಳಿ ಒತ್ತುವುದರಿಂದ ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಬೇಕು. ಆಗಲೂ ಬುಸ್ ಎನ್ನುತ್ತದೆ. ಮರೆತರೆ ಡಬ್ಬಿಯೇ ಸಿಡಿದು, ತೊಳೆಯಲೆಂದು ಮಾಡಿದ ನೀರನ್ನು ಅಡುಗೆಮನೆಯ ಗೋಡೆಯಿಂದ ತೊಳೆಯುವ ಕೆಲಸ ಬೀಳುತ್ತದೆ.