ಗಿಟಾರ್ ಎಫೆಕ್ಟ್ ಪೆಡಲ್‌ಗಳ ತಯಾರಿಕೆ ಮತ್ತು ಮಾರಾಟ: ಗೃಹ ಉದ್ದಿಮೆದಾರರಿಗೆ ಮಾಹಿತಿ

ವಿದ್ಯುತ್ ಗಿಟಾರ್ ಅಥವಾ ಬೇಸ್ ಗಿಟಾರ್‌ನಿಂದ ಹೊರಡುವ ಸಂಕೇತವು ಆಂಪ್ಲಿಫೈಯರ್ ತಲುಪುವ ಮೊದಲು ಅದರ ನಾದವನ್ನು ಮಾರ್ಪಡಿಸುವ, ಪಾದದಿಂದ ಒತ್ತಿ ಬಳಸುವ ಚಿಕ್ಕ ಲೋಹದ ಪೆಟ್ಟಿಗೆಗೆ ಎಫೆಕ್ಟ್ ಪೆಡಲ್ ಎಂದು ಹೆಸರು. 1962ರಲ್ಲಿ ಅಮೆರಿಕದ ಗಿಬ್ಸನ್ ಸಂಸ್ಥೆಯು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳುಳ್ಳ ಮಾಸ್ಟ್ರೋ ಫಜ್-ಟೋನ್ ಪೆಡಲನ್ನು ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಗೀತೆಯೊಂದರಲ್ಲಿ ಅದರ ನಾದ ಕೇಳಿಬಂದ ನಂತರ ಬೇಡಿಕೆ ಹೆಚ್ಚಿತು. ಇಂತಹ ಮಂಡಲಗಳಲ್ಲಿ ಬಿಡಿಭಾಗಗಳು ಕಡಿಮೆ ಇರುವುದರಿಂದ ಮನೆಯ ಒಂದು ಕೊಠಡಿಯಲ್ಲಿಯೇ ಇವುಗಳನ್ನು ತಯಾರಿಸಬಹುದಾಗಿದೆ.

ಹವ್ಯಾಸವಾಗಿ ಆರಂಭಿಸಿ ಪರಿಚಿತರಿಗೆ ಮಾರಾಟ ಮಾಡುತ್ತಿರುವವರು ತಮ್ಮನ್ನು ಉದ್ದಿಮೆದಾರರೆಂದು ಭಾವಿಸುವುದು ವಿರಳ. ಆದರೆ ಚೆನ್ನೈ ಅಥವಾ ಪುಣೆಯ ಗ್ರಾಹಕರೊಬ್ಬರಿಗೆ ಮೊದಲ ಪೆಡಲ್ ರವಾನಿಸಿದಾಗಲೇ ಅವರ ಕಾನೂನಾತ್ಮಕ ಸ್ಥಿತಿ ಬದಲಾಗುತ್ತದೆ. ಆದುದರಿಂದ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ತಯಾರಿಕೆ

ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್ ಮುಂತಾದವು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಲಭ್ಯವಿವೆ. ಅಚ್ಚು ಎರಕದ ಅಲ್ಯೂಮಿನಿಯಂ ಪೆಟ್ಟಿಗೆ, ಒಂಬತ್ತು ಕಾಲುಗಳ ಪಾದ ಸ್ವಿಚ್ಚು ಮತ್ತು ಜಾಕ್‌ಗಳ ಗುಣಮಟ್ಟದಲ್ಲಿ ಉಳಿತಾಯ ಮಾಡುವುದು ಸೂಕ್ತವಲ್ಲ. ಪದೇ ಪದೇ ತುಳಿತಕ್ಕೆ ಒಳಗಾಗುವ ಸ್ವಿಚ್ಚು ಕೆಟ್ಟಲ್ಲಿ ಗ್ರಾಹಕರು ಇಡೀ ಪೆಡಲನ್ನೇ ಹಿಂದಿರುಗಿಸುತ್ತಾರೆ. ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಲ್ಲಿ ಉಷ್ಣತೆ ಏರಿದಂತೆ ಸೋರಿಕೆ ಪ್ರವಾಹ ಹೆಚ್ಚುವುದರಿಂದ, ಅಂತಹ ಪೆಡಲನ್ನು ಬೇಸಿಗೆಯ ಮಧ್ಯಾಹ್ನದಲ್ಲಿಯೂ ಪರೀಕ್ಷಿಸುವುದು ಒಳಿತು.

ಗಿಟಾರ್‌ಗೆಂದು ರೂಪಿಸಿದ ಮಂಡಲವನ್ನು ಬದಲಾವಣೆಯಿಲ್ಲದೆ ಬೇಸ್ ಪೆಡಲ್ ಎಂದು ಮಾರಾಟ ಮಾಡುವುದರಿಂದ ದೂರುಗಳು ಉದ್ಭವಿಸುತ್ತವೆ. ಗಿಟಾರ್‌ನ ಅತಿ ತಗ್ಗಿನ ತಂತಿಯ ಸ್ವರ ಸುಮಾರು 82 ಹರ್ಟ್ಜ್. ನಾಲ್ಕು ತಂತಿಯ ಬೇಸ್‌ನದು ಸುಮಾರು 41 ಹರ್ಟ್ಜ್. ಒಳಬರುವ ಭಾಗದಲ್ಲಿ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಗೂ 1 ಲಕ್ಷ ಓಮ್ ರೋಧವಿದ್ದಲ್ಲಿ ಸುಮಾರು 72 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳು ಕ್ಷೀಣಿಸುತ್ತವೆ; 41 ಹರ್ಟ್ಜ್ ಸ್ವರದ ಮಟ್ಟ ಅರ್ಧದಷ್ಟೇ ಉಳಿಯುತ್ತದೆ. ಕೆಪಾಸಿಟರನ್ನು 0.1 ಮೈಕ್ರೋಫ್ಯಾರಡ್‌ಗೆ ಹೆಚ್ಚಿಸಿದರೆ ಈ ಮಿತಿ ಸುಮಾರು 16 ಹರ್ಟ್ಜ್‌ಗೆ ಇಳಿಯುತ್ತದೆ. ಅತ್ಯಲ್ಪ ವೆಚ್ಚದ ಈ ಬದಲಾವಣೆಯಿಂದ ದೂರಿಗೆ ಅವಕಾಶವಿರುವುದಿಲ್ಲ.

ಬೆಲೆ ನಿಗದಿ

ಬಿಡಿಭಾಗಗಳ ವೆಚ್ಚವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಸ್ವಂತ ಶ್ರಮವನ್ನು ಕೈಬಿಡುವುದು ಸಾಮಾನ್ಯ ತಪ್ಪು. ಉದಾಹರಣೆಗೆ, ಹತ್ತು ಪೆಡಲ್‌ಗಳ ಸಾಮಗ್ರಿಗೆ ರೂ.16,000 ಹಾಗೂ 40 ಗಂಟೆಗಳ ಶ್ರಮಕ್ಕೆ ಗಂಟೆಗೆ ರೂ.150ರಂತೆ ರೂ.6,000 ಎಂದಿಟ್ಟುಕೊಂಡರೆ ಒಟ್ಟು ರೂ.22,000 ಆಗುತ್ತದೆ. ಒಂದು ಪೆಡಲ್ ಪರೀಕ್ಷೆಯಲ್ಲಿ ವಿಫಲವಾದಲ್ಲಿ ಉಳಿದ ಒಂಬತ್ತರ ತಲಾ ವೆಚ್ಚ ರೂ.2,444. ಪ್ಯಾಕಿಂಗ್, ರವಾನೆ ಹಾಗೂ ಖಾತರಿ ಅವಧಿಯ ದುರಸ್ತಿಗೆಂದು ರೂ.300 ಸೇರಿಸಿದರೆ ರೂ.2,744. ರೂ.2,500ಕ್ಕೆ ಮಾರಾಟ ಮಾಡಿ ರೂ.900 ಲಾಭವಾಯಿತೆಂದು ಭಾವಿಸುವ ತಯಾರಕರು ವಾಸ್ತವವಾಗಿ ತಲಾ ರೂ.244 ನಷ್ಟದಲ್ಲಿರುತ್ತಾರೆ. ಆ ಬೆಲೆಯಲ್ಲಿಯೇ ತೆರಿಗೆಯೂ ಅಡಕವಾಗಿದ್ದಲ್ಲಿ ನಷ್ಟ ಇನ್ನೂ ಅಧಿಕ. ಬ್ಯಾಂಕ್ ಸಾಲಕ್ಕೆ ಯೋಜನಾ ವರದಿ ಸಲ್ಲಿಸುವಾಗಲೂ ಇದೇ ಕ್ರಮದಲ್ಲಿ ಲೆಕ್ಕ ನೀಡತಕ್ಕದ್ದು.

ಸರಕು ಮತ್ತು ಸೇವಾ ತೆರಿಗೆ

ರಾಜ್ಯದೊಳಗೆ ಸರಕುಗಳನ್ನು ಮಾತ್ರ ಮಾರಾಟ ಮಾಡುವವರಿಗೆ ವಾರ್ಷಿಕ ವಹಿವಾಟು ರೂ.40 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಹೊರ ರಾಜ್ಯಕ್ಕೆ ತೆರಿಗೆ ವಿಧಿಸಲ್ಪಡುವ ಸರಕು ಪೂರೈಸುವವರಿಗೆ ಈ ಮಿತಿ ಅನ್ವಯಿಸದು. ಒಂದೇ ಪೆಡಲ್ ಆದರೂ ನೋಂದಣಿ ಅಗತ್ಯ. ವಿದೇಶಕ್ಕೆ ಕಳುಹಿಸುವುದೂ ಅಂತರರಾಜ್ಯ ಪೂರೈಕೆಯೆಂದೇ ಪರಿಗಣಿತವಾಗುತ್ತದೆ. ಹೊಣೆ ಉಂಟಾದ 30 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ರೂ.10,000 ಅಥವಾ ತಪ್ಪಿಸಿದ ತೆರಿಗೆಯ ಮೊತ್ತ, ಇವೆರಡರಲ್ಲಿ ಹೆಚ್ಚಿನದನ್ನು ದಂಡವಾಗಿ ವಿಧಿಸಲು ಅವಕಾಶವಿದೆ. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರು ಹೊರ ರಾಜ್ಯಕ್ಕೆ ಸರಕು ಮಾರುವಂತಿಲ್ಲ.

"ಕೈಯಿಂದಲೇ ತಯಾರಿಸಿದ್ದಲ್ಲವೇ, ಕರಕುಶಲ ವಸ್ತುಗಳ ವಿನಾಯಿತಿ ದೊರೆಯುವುದಿಲ್ಲವೇ" ಎಂಬ ಪ್ರಶ್ನೆ ಸಹಜ. ಸದರಿ ವಿನಾಯಿತಿಯು ಬಿದರಿ ಕೆಲಸ, ಅರಗಿನ ಮರಗೆಲಸ ಮುಂತಾದ ಅಧಿಸೂಚಿತ ವಸ್ತುಗಳಿಗೆ ಷರತ್ತುಗಳೊಡನೆ ಅನ್ವಯಿಸುತ್ತದೆ. ಬೆಸುಗೆ ಹಾಕಿದ್ದು ಕೈಯಿಂದ ಎಂಬ ಕಾರಣಕ್ಕೆ ವಿದ್ಯುನ್ಮಾನ ಸಾಧನವೂ ಅದರಲ್ಲಿ ಸೇರಿದೆಯೆಂದು ಭಾವಿಸಿ ನಡೆಯುವುದು ಅಪಾಯಕರ.

ಮನೆಯೇ ವ್ಯವಹಾರ ಸ್ಥಳವಾಗಿದ್ದು, ಅದು ತಂದೆ, ತಾಯಿ ಅಥವಾ ಇತರರ ಹೆಸರಿನಲ್ಲಿದ್ದರೆ, ವಿದ್ಯುತ್ ಬಿಲ್ಲು ಅಥವಾ ಆಸ್ತಿ ತೆರಿಗೆ ರಸೀದಿಯೊಂದಿಗೆ ಅವರ ಒಪ್ಪಿಗೆ ಪತ್ರವನ್ನು ಲಗತ್ತಿಸಬೇಕು.

ಇತರೆ ನೋಂದಣಿಗಳು

1-7-2020ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯು ಸಂಪೂರ್ಣ ಉಚಿತವಾಗಿದ್ದು, ಸ್ವಯಂ ಘೋಷಣೆಯ ಆಧಾರದ ಮೇಲೆ ಅಂತರ್ಜಾಲದಲ್ಲಿ ದೊರೆಯುತ್ತದೆ. ಶುಲ್ಕ ಕೇಳುವ ಖಾಸಗಿ ಜಾಲತಾಣಗಳ ಬಗ್ಗೆ ಎಚ್ಚರ ವಹಿಸುವುದು. ವಾಣಿಜ್ಯ ಚಿಹ್ನೆಯ ಅರ್ಜಿಯನ್ನು 9ನೇ ವರ್ಗದಲ್ಲಿ ಸಲ್ಲಿಸಬಹುದು. ಹಳೆಯ ಪ್ರಸಿದ್ಧ ಪೆಡಲ್‌ಗಳ ಮಾದರಿಯ ಮಂಡಲಗಳನ್ನು ಅನೇಕರು ತಯಾರಿಸುತ್ತಾರೆ. ಆದರೆ ಅನ್ಯರ ನೋಂದಾಯಿತ ಹೆಸರು ಅಥವಾ ಲಾಂಛನವನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಉಲ್ಲಂಘನೆಯಾಗುತ್ತದೆ.

ಮೊದಲೇ ಪೊಟ್ಟಣ ಕಟ್ಟಿ ಮಾರುವ ಪೆಡಲ್‌ಗಳ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ವಸ್ತುವಿನ ಹೆಸರು, ಸಂಖ್ಯೆ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲಾ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗೆ ದೂರವಾಣಿ ಸಂಖ್ಯೆಯನ್ನು ನಮೂದಿಸತಕ್ಕದ್ದು. ಪೊಟ್ಟಣ ಕಟ್ಟಲು ಆರಂಭಿಸಿದ 90 ದಿನಗಳೊಳಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು.

ಪೆಡಲ್‌ನೊಂದಿಗೆ ವಿದ್ಯುತ್ ಅಡಾಪ್ಟರ್ ನೀಡುವವರು ಭಾರತೀಯ ಮಾನಕ ಬ್ಯೂರೋ ನೋಂದಣಿ ಸಂಖ್ಯೆಯುಳ್ಳ ಅಡಾಪ್ಟರನ್ನೇ ನೀಡತಕ್ಕದ್ದು. ಬಹುತೇಕ ಪೆಡಲ್‌ಗಳು ಮಧ್ಯದ ಪಿನ್ ಋಣಧ್ರುವವಾಗಿರುವ 9 ವೋಲ್ಟ್ ನೇರ ವಿದ್ಯುತ್ತಿನಿಂದ ನಡೆಯುತ್ತವೆ. ಮಾರುಕಟ್ಟೆಯ ಅನೇಕ ಅಡಾಪ್ಟರ್‌ಗಳಲ್ಲಿ ಇದು ತಿರುವುಮುರುವಾಗಿರುವುದರಿಂದ, ಪೆಡಲ್‌ನ ಮೇಲೆ ಧ್ರುವದ ಗುರುತನ್ನು ಮುದ್ರಿಸಿ, ಒಳಗೆ ರಕ್ಷಕ ಡಯೋಡ್ ಅಳವಡಿಸುವುದು ಸೂಕ್ತ.

ಹೆಚ್ಚಿನ ಮಾಹಿತಿಗೆ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬರುವಾಗ ಪೆಡಲ್‌ನ ಒಂದು ಮಾದರಿ ಹಾಗೂ ವೆಚ್ಚದ ಲೆಕ್ಕಪಟ್ಟಿಯನ್ನು ತಂದಲ್ಲಿ ಅನುಕೂಲವಾಗುತ್ತದೆ.